ನಕ್ಷತ್ರಕ್ಕೆ ಜೋಡಿ ಹುಡುಕುವವಳು

ಎಳೆಯ ಬಿಸಿ ನಕ್ಷತ್ರಗಳಿಗೆ ತೀರ ಹತ್ತಿರದಲ್ಲೇ ಸುತ್ತುವ ಜೋಡಿ ಉಂಟೋ ಇಲ್ಲವೋ ಎಂದು ಹುಡುಕುವುದು ನನ್ನ ಸಂಶೋಧನೆ. ಹಾವೇರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ ಇಂಥ ಕೆಲಸ ಮಾಡುವ ಹೆಣ್ಣಿಗೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ, ಮದುವೆಯಾಗದಿದ್ದರಂತೂ ಎರಡು. ಸಂಬಂಧ ಕೂಡಿದ ದಿನವೇ ಆ ಓದು ಬಿಡಬೇಕೆಂದು ರಾಣೆಬೆನ್ನೂರಿನ ಮನೆಯಲ್ಲಿ ಅಪ್ಪ ತೀರ್ಮಾನಿಸಿದ್ದರು. ಸತ್ತರೂ ಬಿಡುವುದಿಲ್ಲ ಎಂದು ನಾನೂ ತೀರ್ಮಾನಿಸಿದ್ದೆ.

೧. ಕೆಂಪು

ಬ್ಯಾಡಗಿಯ ಸೋದರಮಾವ ಮೆಣಸಿನಕಾಯಿ ವ್ಯಾಪಾರಿ. "ಬಿಸಿ ನಕ್ಷತ್ರ ಅಂದ್ರ ಕೆಂಪಗ ಇರ್ತಾವಲ್ಲ?" ಎಂದು ಕೇಳಿದರು.

"ಇಲ್ಲ ಮಾವ, ಕೆಂಪು ಇದ್ದವು ತಣ್ಣಗಿನವು. ಭಾಳ ಬಿಸಿ ಇದ್ದವು ನೀಲಿ."

ಮಾವನಿಗೆ ಸ್ವರ್ಗ ಸಿಕ್ಕಂತಾಯಿತು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹೊರಗಿನ ಗಿರಾಕಿಗಳಿಗೆ ಹೇಳಿ ಹೇಳಿ ಅವರ ಗಂಟಲು ಒಣಗಿತ್ತು. ಮರುದಿನದಿಂದ ಅಂಗಡಿಯಲ್ಲಿ, "ಕೆಂಪಗ ಇದ್ದದ್ದು ಖಾರ ಇರಂಗಿಲ್ರಿ. ನಂಬಿಕಿ ಇಲ್ಲಂದ್ರ ನಮ್ಮ ಸೊಸಿನ್ನ ಕೇಳ್ರಿ, ಅಕಿ ಇದರಾಗನ ಡಾಕ್ಟರೇಟ್ ಮಾಡಾಕತ್ತಾಳ" ಎಂದು ಶುರುಮಾಡಿದರು. ಒಬ್ಬ ಗಿರಾಕಿ ನನಗೇ ಫೋನ್ ಮಾಡಿ ಉಪ್ಪಿನಕಾಯಿಗೆ ಯಾವುದು ಹಾಕಬೇಕೆಂದು ಕೇಳಿದ. ನೀಲಿ ಸಿಕ್ಕರೆ ಹಾಕಬೇಡಿ ಎಂದೆ.

೨. ವಯಸ್ಸು

ಪಕ್ಕದ ಮನೆಯ ಕಾಕು ಅಮ್ಮನೆದುರು ಕೂತು, "ಇಪ್ಪತ್ತೊಂಬತ್ತು ಅಂದ್ರ ವಯಸ್ಸು ಮೀರಿದಂಗ" ಎಂದು ಮರುಗುತ್ತಿದ್ದರು. ನನಗೆ ಉರಿದುಹೋಯಿತು.

"ನಾ ನೋಡೋ ನಕ್ಷತ್ರಕ್ಕ ಹತ್ತು ಲಕ್ಷ ವರ್ಷ ಆಗೇತ್ರಿ ಕಾಕು. ಅದನ್ನ ಇನ್ನೂ ಎಳೇದು ಅಂತಾರ."

"ಜೋಡಿ ಸಿಕ್ಕೇತೇನು ಅದಕ್ಕ?"

"ಹುಟ್ಟೋ ಮುಂದನ ಕೂಡೇತ್ರಿ."

ಕಾಕು ಅಮ್ಮನ ಕಡೆ ತಿರುಗಿ, "ಅದರ ಅವ್ವಗ ಚಿಂತಿ ಇಲ್ಲ ನೋಡು" ಎಂದರು.

೩. ಕನ್ಯಾ ನೋಡಲು ಬಂದವರು

ಹೋದ ತಿಂಗಳು ಕುಮಾರಪಟ್ಟಣದಿಂದ ವರ ಬಂದ, ಜೊತೆಗೆ ಅವನ ತಂದೆ. ಉಪ್ಪಿಟ್ಟಿನ ತಾಟು ಕೈಗೆ ಬಂದದ್ದೇ ತಡ ತಂದೆ, "ಲಗ್ನ ಆದಮ್ಯಾಲ ಆ ನಕ್ಷತ್ರದ ಓದು ಯಾಕ ಬೇಕ್ರಿ?" ಎಂದರು. ಅಪ್ಪ ತಲೆಯಾಡಿಸಿದರು.

ತಲೆ ಬಗ್ಗಿಸಿ ಕೂರಬೇಕಾದ ಹೊತ್ತು ಅದು. ನಾನು ಕುರ್ಚಿ ಎಳೆದುಕೊಂಡು ಎದುರಿಗೇ ಕೂತೆ. "ಯಾಕ ಬೇಕು ಅಂತ ಹೇಳ್ತೇನಿ, ಕೇಳ್ರಿ. ದೂರದಿಂದ ನೋಡಿದ್ರ ಒಂದ ನಕ್ಷತ್ರ. ಜೋಡಿ ಕಣ್ಣಿಗೆ ಬೀಳಂಗಿಲ್ಲ. ಆದ್ರ ಅದು ಎಳದಂಗೆಲ್ಲಾ ಇದು ಆಕಡೆ ಈಕಡೆ ಹೊಯ್ದಾಡ್ತದ. ಇದರ ಬೆಳಕು ಬಿಡಿಸಿ ನೋಡಿದ್ರ ಆ ಹೊಯ್ದಾಟ ತಿಳೀತದ. ಎಷ್ಟು ಮುಚ್ಚಿಟ್ರೂ ತಿಳೀತದ."

ವರ ಚಹಾ ಕುಡಿಯುವುದನ್ನು ನಿಲ್ಲಿಸಿ, "ಜೋಡಿ ಭಾಳ ಸಮೀಪ ಇದ್ರ?" ಎಂದು ಮೆಲ್ಲಗೆ ಕೇಳಿದ.

"ಇನ್ನೂ ಲಗೂ ಸಿಕ್ಕಿಬೀಳ್ತದ್ರಿ."

ಅವನು ಕಪ್ಪು ಕೆಳಗಿಟ್ಟು ತಂದೆಯ ಕಡೆ ತಿರುಗಿದ. "ಅಪ್ಪಾ, ನನಗ ಒಬ್ಬಾಕಿ ಅದಾಳ. ನಮ್ಮ ಆಫೀಸಿನಾಗ ನನ್ನ ಬಾಜೂ ಕುರ್ಚಿಗೇ ಕುಂದರ್ತಾಳ. ಎರಡು ವರ್ಷ ಆತು."

ಉಪ್ಪಿಟ್ಟು ಅಲ್ಲೇ ಉಳಿಯಿತು, ಅವರು ಹೋದರು. ಬೈಗುಳಕ್ಕೆ ಸಿದ್ಧಳಾಗಿ ನಾನು ನಿಂತೇ ಇದ್ದೆ. ಇಷ್ಟಕ್ಕೆ ಬಗ್ಗುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಅಪ್ಪ ಅವರನ್ನು ಬಾಗಿಲವರೆಗೆ ಕಳಿಸಿ ಒಳಗೆ ಬಂದರು.

"ಓದು ಬಿಡಬ್ಯಾಡ," ಎಂದರು. "ಐತವಾರ ಕುಪ್ಪೇಲೂರಿನವರು ನಿನ್ನ ನೋಡಾಕ ಬರ್ತಾರ. ಮೊದಲ ಈ ಪಾಠ ಹೇಳು. ಆಮ್ಯಾಲ ಉಪ್ಪಿಟ್ಟಿಗೆ ಇಡಸ್ತೇನಿ."