ದೊಡ್ಡ ಡಿಕ್ಕಿ

ಊರವರ ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಿಂದ ತಿದ್ದುವ ಪ್ರೆಸ್ಸಿನ ಪ್ರೂಫ್ ರೀಡರ್ ಒಂದೇ ಒಂದು ಬರಹವನ್ನು ತಿದ್ದದೆ ಬಿಟ್ಟಿದ್ದ. ಅದು ಅವನದೇ ಆಗಿತ್ತು. ಮಾತಿನ ನಡುವೆ ತಡೆತಡೆದು ಉಸಿರೆಳೆದುಕೊಳ್ಳುವ ಅವನಿಗೆ ಓಣಿಯವರಿಟ್ಟ ಹೆಸರು ಅಲ್ಪವಿರಾಮ.

ಅವನ ಕಾರು ಓಣಿಗೆ ಮೀರಿದ್ದು. ಬೆನ್ನುಮೂಳೆ ಸವೆದು ಕೂರಲಾಗದ ಅಮ್ಮನನ್ನು ಮಲಗಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಲು ಹುಡುಕಿ ತಂದ ಉದ್ದದ ಹಳೇ ಕಾರು. ಗುಂಡಿ ಹತ್ತಿಳಿದರೂ ಅಮ್ಮ ನರಳುತ್ತಿರಲಿಲ್ಲ. ಅದು ಕಾರಿನ ಗುಣ. ಅವಗುಣವೆಂದರೆ, ಅದನ್ನು ಓಣಿಯಲ್ಲಿ ತಿರುಗಿಸುವುದು ಕಪಾಟಿನೊಳಗೆ ಮಂಚ ತಿರುಗಿಸಿದಂತೆ. ಎರಡು ತಿಂಗಳ ಹಿಂದೆ ಅಮ್ಮ ತೀರಿಕೊಂಡಳು. ಅವಳ ತಲೆದಿಂಬು ಹಿಂದಿನ ಸೀಟಿನಲ್ಲೇ ಉಳಿಯಿತು.

ಒಂದು ಬೆಳಿಗ್ಗೆ ಅವನ ಬಾಡಿಗೆ ಮನೆಯ ಒಡತಿ ಬಂದು ನಿಂತಳು. "ಸಂಜೆಯೊಳಗೆ ಒಂದೋ ಕಾರು ಹೋಗ್ಬೇಕು, ಇಲ್ಲಾ ನೀವು ಹೋಗ್ಬೇಕು. ಜನ ಗೋಡೆ ಸವರ್ಕೊಂಡು ಓಡಾಡ್ತಿದಾರೆ."

"ಮಾರ್ಬಿಡ್ತೀನಿ ಅಕ್ಕಾ, ಮನೆ ಮಾತ್ರ ಬಿಡಿಸ್ಬೇಡಿ. ಅಮ್ಮ ಇದ್ದ ಮನೆ."

"ಸಂಜೆ ನೋಡೋಣ."

ಅಲ್ಪವಿರಾಮ ಒಂದು ಹಾಳೆಯಲ್ಲಿ ಬರೆದು ಔಷಧಿ ಅಂಗಡಿಯ ಬೋರ್ಡಿಗೆ ಅಂಟಿಸಿದ: 'ಕಾರು ಮಾರಾಟಕ್ಕಿದೆ. ದೊಡ್ಡ ಡಿಕ್ಕಿ. ಸ್ವಲ್ಪವೂ ಸದ್ದಿಲ್ಲ. ನಮ್ಮ ತಾಯಿ ಕೊನೆಯವರೆಗೂ ಹಿಂದಿನ ಸೀಟಿನಲ್ಲೇ ನೆಮ್ಮದಿಯಾಗಿ ಮಲಗಿದ್ದರು.' ಕೆಳಗೆ ಫೋನ್ ನಂಬರು.

ಹತ್ತು ಗಂಟೆಗೆ ಮೊದಲ ಕರೆ. "ಡಿಕ್ಕಿ ಲಾರಿಗೋ, ಬಸ್ಸಿಗೋ ಸ್ವಾಮಿ?"

"ಅಯ್ಯೋ, ಆ ಡಿಕ್ಕಿ ಅಲ್ಲ, ಸಾಮಾನು ಇಡೋ ಡಿಕ್ಕಿ."

"ಪಾಪ, ತಾಯಿ ಸಾಮಾನಿನ ಜೊತೆ ಇದ್ರಾ?"

ಎರಡನೆಯವನು ಕಾರಿನ ಮಾತೇ ಎತ್ತದೆ ಸಂತಾಪ ಹೇಳಿದ. ಮೂರನೆಯವನು ಹಳೇ ಕಬ್ಬಿಣದವನು. ಔಷಧಿ ಅಂಗಡಿಯಾತ ಉಪಕಾರವೆಂದುಕೊಂಡು, ತಲೆನೋವಿನ ಮಾತ್ರೆ ಕೇಳಿ ಬಂದವರಿಗೆಲ್ಲ ಇಲ್ಲದ ಅಪಘಾತವನ್ನು ಕಣ್ಣಾರೆ ಕಂಡಂತೆ ವರ್ಣಿಸಿದ. ಮಧ್ಯಾಹ್ನದ ಹೊತ್ತಿಗೆ ಅಮ್ಮ ಎರಡನೇ ಸಲ ಸತ್ತಿದ್ದಳು. ಅಲ್ಪವಿರಾಮ ಊಟ ಬಿಟ್ಟು ಕೂತ. ನಿಜವಾದ ಸಾವಿಗೆ ಇವರಲ್ಲಿ ನಾಲ್ಕು ಜನವೂ ಬಂದಿರಲಿಲ್ಲವಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು.

ಐದು ಗಂಟೆಗೆ ಕನ್ನಡಕದ ಅಂಗಡಿಯವನು ಬಂದ. ಬೋರ್ಡನ್ನು ಸರಿಯಾಗಿ ಓದಿದವನು ಅವನೊಬ್ಬನೇ. ಡಿಕ್ಕಿ ತೆಗೆದು ನೋಡಿ ಮೆಚ್ಚಿದ. ದಿಂಬನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹಿಂದಿನ ಸೀಟಿನಲ್ಲಿ ಕೂತ.

"ತಾಯಿ ಮಡಿಲಲ್ಲಿದ್ದ ಹಾಗಿದೆ. ಒಂದು ಸುತ್ತು ಹೋಗ್ಬರೋಣ, ಇಷ್ಟ ಆದ್ರೆ ಇವತ್ತೇ ತಗೊಂಡು ಹೋಗ್ತೀನಿ."

ಅಲ್ಪವಿರಾಮನಿಗೆ ಹೋದ ಜೀವ ಬಂದಂತಾಯಿತು. ಓಣಿಯಿಂದ ಹೊರಬೀಳಲು ಇದ್ದ ದಾರಿ ಒಂದೇ, ಕೊನೆಯವರೆಗೂ ರಿವರ್ಸ್. ಓಣಿಯ ಬಾಯಲ್ಲೇ ಮನೆಯೊಡತಿಯ ಸ್ವಂತ ಮನೆ, ಅದರ ಗೇಟಿಗೊಂದು ಕಲ್ಲಿನ ಕಂಬ. ಅವಳು ಜಗಲಿಯಲ್ಲಿ ನಿಂತು ಒಂದು ಕೈ ಆಡಿಸುತ್ತಿದ್ದುದು ಕನ್ನಡಿಯಲ್ಲಿ ಕಂಡಿತು.

"ಬರ್ಲಿ, ಬರ್ಲಿ," ಎಂದಳು.

ಕೊನೆಗೂ ಇವಳ ಮನಸ್ಸು ಕರಗಿತಲ್ಲ ಎಂದುಕೊಂಡು ಅವನು ಹಿಂದಕ್ಕೆ ಬಿಟ್ಟ.

"ಧಾರಾಳವಾಗಿ ಬರ್ಲಿ. ಜಾಗ ಬೇಕಾದಷ್ಟಿದೆ."

ಅವನು ಇನ್ನಷ್ಟು ಬಿಟ್ಟ. ಕಾರು ಸದ್ದೇ ಇಲ್ಲದೆ ಹೋಗಿ ಕಂಬಕ್ಕೆ ಅಪ್ಪಳಿಸಿತು. ಸದ್ದು ಆಮೇಲೆ ಬಂತು. ಡಿಕ್ಕಿ ಮುದುಡಿ ಸೀಟಿಗೆ ಅಂಟಿತು, ಕಂಬ ಅದರ ಮೇಲೆ ಒರಗಿತು.

ಕನ್ನಡಕದವನು ಕತ್ತು ಹಿಡಿದುಕೊಂಡು ಇಳಿದ. "ನೀವು ಸರಿಯಾಗೇ ಬರ್ದಿದ್ರಿ ಸ್ವಾಮಿ. ನಾನೇ ತಪ್ಪು ಓದ್ಕೊಂಡೆ," ಎಂದು ಹೊರಟೇ ಹೋದ.

"ಬರ್ಲಿ ಅಂದ್ರಲ್ಲ ಅಕ್ಕಾ," ಎಂದ ಅಲ್ಪವಿರಾಮ.

ಮನೆಯೊಡತಿ ಕಿವಿಯಿಂದ ಫೋನು ಇಳಿಸಿದಳು. "ನಿಮಗೆಲ್ಲಿ ಅಂದೆ? ಹೊಸ ಬಾಡಿಗೆಯವರ ಹತ್ರ ಮಾತಾಡ್ತಿದ್ದೆ. ನಾಳೆ ಬರ್ತಾರೆ, ನಿಮ್ಮ ಮನೆಗೆ."

ಅವನು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಔಷಧಿ ಅಂಗಡಿಗೆ ನಡೆದ. ಬೋರ್ಡಿನ ಮುಂದೆ ನಿಂತು ಕೆಂಪು ಪೆನ್ನು ತೆಗೆದು ಮೊದಲಿನಿಂದ ಓದಿದ. ತಿದ್ದುವಂಥದ್ದು ಈಗ ಏನೂ ಇರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ.