ಮೊದಲು ಬಗ್ಗುವ ಮಾವ

ನಮ್ಮ ಸೋದರಮಾವನಿಗೆ ಆಗಾಗ ಸಿಟ್ಟು ಬರುತ್ತಿತ್ತು ಎಂದರೆ ತಪ್ಪಾದೀತು. ಸಿಟ್ಟು ಅವನಲ್ಲೇ ಬಿಡಾರ ಹೂಡಿತ್ತು. ಆಗಾಗ ಹೊರಗೆ ಹೋಗಿ ಬರುತ್ತಿತ್ತು, ಅಷ್ಟೆ!

ಐವತ್ತರ ದಶಕದ ಕೊನೆಯಿರಬೇಕು. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೇಯುತ್ತಿದ್ದಾಗ, ಮಗ್ಗದಿಂದ ಹಾರಿದ ಲಾಳಿ ಅವನ ಕಿವಿ ಸವರಿಕೊಂಡು ಹೋಯಿತು. ಎಡಗಿವಿಯೋ ಬಲಗಿವಿಯೋ? ನನ್ನ ನೆನಪಿನಲ್ಲಿ ಆ ಗಾಯ ಆಗಾಗ ಜಾಗ ಬದಲಿಸುತ್ತದೆ. ಅಂದಿನಿಂದ ಎಲ್ಲಿ ಖಟ್ ಎಂದರೂ ಮಾವ ಬಗ್ಗುವನು. ಏನೂ ಹಾರಿ ಬರಲಿಲ್ಲವೆಂದು ತಿಳಿದೊಡನೆ, ತಾನು ಬಗ್ಗಿದ್ದನ್ನು ಕಂಡವರ ಮೇಲೆ ಹರಿಹಾಯುವನು.

ಮೆದುಳಿನೊಳಗೆ ಅಮಿಗ್ಡಲ ಎಂಬ ಬಾದಾಮಿಯಂಥ ಭಾಗವಿದೆಯಂತೆ. ಬುದ್ಧಿ ಕಣ್ಣುಜ್ಜಿಕೊಳ್ಳುವುದರೊಳಗೆ ಅದು ಭಯವನ್ನೂ ಸಿಟ್ಟನ್ನೂ ಎಬ್ಬಿಸಿಬಿಡುತ್ತದಂತೆ. ಮಾವನದು ತೆಂಗಿನಕಾಯಿಯಷ್ಟು ಇದ್ದಿರಬೇಕು!

ಒಮ್ಮೆ ಹೋಟೆಲಿನಲ್ಲಿ ಹೆಂಚಿಗೆ ಸಟ್ಟುಗ ಬಡಿಯಿತು. ಮಾವ ಮೇಜಿನಡಿ! ಮೇಲೆದ್ದವನೇ ಭಟ್ಟನನ್ನು ಕೇಳಿದ: “ದೋಸೆ ಹುಯ್ತೀಯೋ, ಕಲ್ಲು ಒಡಿತೀಯೋ?” ಭಟ್ಟ ಹೆದರಿ ಇನ್ನಷ್ಟು ಬೆಣ್ಣೆ ಹಾಕಿದ. ಮಾವ ಅದನ್ನೂ ಸಿಟ್ಟಿನಲ್ಲೇ ತಿಂದ.

ನಗು ನಿಂತದ್ದು ಮಾವನ ಮಗಳ ಮದುವೆಯ ಮಾತು ಬಂದಾಗ. ಹೆಣ್ಣು ನೋಡಲು ಬಂದ ಮೊದಲ ಮನೆಯವರ ಅಜ್ಜ ಊರುಗೋಲು ಬೀಳಿಸಿ ಬೈಸಿಕೊಂಡರು. ಎರಡನೆಯವರು ಕಾಫಿಯನ್ನೂ ಮುಗಿಸದೆ ಎದ್ದರು. ಮೂರನೆಯವರು ಹರಿಹರದವರು. ಈ ಸಂಬಂಧ ತಪ್ಪಿದರೆ ಇನ್ನಾರೂ ಹೊಸ್ತಿಲು ತುಳಿಯುವುದಿಲ್ಲವೆಂದು ಅತ್ತೆ ಅತ್ತಳು. ಪಾತ್ರೆಗಳಿಗೆ ಬಟ್ಟೆ ಸುತ್ತಿದಳು, ಚಿಲಕಕ್ಕೆ ಚಿಂದಿ ಕಟ್ಟಿದಳು, ಗೋಡೆ ಗಡಿಯಾರ ನಿಲ್ಲಿಸಿದಳು. ಆ ಮೌನಕ್ಕೂ ಮಾವನಿಗೆ ಸಿಟ್ಟು!

ಆದರೆ ಗಂಡಿನ ತಂದೆ ಸ್ವಂತ ಅಡಕತ್ತರಿ ಜೇಬಿನಲ್ಲಿ ಇಟ್ಟುಕೊಂಡು ಬರುವರೆಂದು ಯಾರಿಗೆ ಗೊತ್ತು? ತಾಂಬೂಲದ ತಟ್ಟೆ ಎಳೆದುಕೊಂಡು ಅಡಿಕೆ ಒತ್ತಿದರು.

ಖಟ್!

ಮಾವ ಬಗ್ಗಿದ. ಒಬ್ಬನೇ ಬಗ್ಗಲಿಲ್ಲ. ಪಕ್ಕದಲ್ಲಿದ್ದ ಮಗಳ ತಲೆಯನ್ನು ಮಡಿಲಿಗೆ ಒತ್ತಿ, ಅಂಗೈಯಿಂದ ಮುಚ್ಚಿ, ಅವಳ ಮೇಲೆ ತಾನು ಬಾಗಿದ. ಆಮೇಲೆ ಸಿಟ್ಟು ಬಂತು.

“ಮಂದಿ ಮನಿಯಾಗೆ ಕತ್ತರಿ ತೆಗೀತೀರಲ್ಲ, ಬುದ್ಧಿ ಐತೇನ್ರಿ ನಿಮಗೆ?”

ಇದೂ ತಪ್ಪಿತೆಂದು ಅತ್ತೆ ಚಿಲಕದ ಚಿಂದಿ ಬಿಚ್ಚತೊಡಗಿದಳು. ಗಂಡಿನ ತಂದೆ ಮಗಳ ತಲೆ ಮುಚ್ಚಿದ್ದ ಮಾವನ ಕೈಯನ್ನೇ ನೋಡುತ್ತ ಕುಳಿತರು. ಆಮೇಲೆ ಕತ್ತರಿ ಜೇಬಿಗಿಳಿಸಿ, ಹೂವು ತೆಗೆಯುವಂತೆ ಹೆಂಡತಿಗೆ ಸನ್ನೆ ಮಾಡಿದರು. ಹೂವು ಮುಡಿಸಿದರೆ ಹುಡುಗಿಯನ್ನು ಒಪ್ಪಿದಂತೆ.

“ಬೈಯ್ರಿ ಬೀಗರೆ, ಬ್ಯಾಡ ಅನ್ನಲ್ಲ. ಕೈ ಒಂದೀಟು ಸರಿಸ್ರಿ.”

ಮಾವ ಬೈಯುತ್ತಲೇ ಇದ್ದ. ಕೈ ಸರಿಯಲಿಲ್ಲ. ಗಂಡಿನ ತಾಯಿ ಅವನ ಬೆರಳ ಸಂದಿಯಲ್ಲೇ ಮಲ್ಲಿಗೆ ಮುಡಿಸಿದಳು.