ಆಂಬ್ರೋಸನ ತೊಲೆ

ಎಲ್ಲಕ್ಕೂ ಮೂಲ ಒಂದು ಹಿತ್ತಾಳೆ ಫಲಕ. ‘ಈ ಊರಿನ ಅತ್ಯಂತ ಹಳೆಯ ಕಟ್ಟಡ’ ಎಂದು ಊರ ಪಂಚಾಯಿತಿಯವರು ಅದರ ಮೇಲೆ ಕೆತ್ತಿಸಿದ್ದರು. ಅದು ತನ್ನ ಬಾಗಿಲಿಗೇ ಬರುತ್ತದೆ ಎಂಬುದರಲ್ಲಿ ಆಂಬ್ರೋಸ್ ಕ್ಯಾಚ್‌ಪೋಲನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಓಕ್ ಮರದ ಚೌಕಟ್ಟಿಗೆ ಮಣ್ಣು ಮೆತ್ತಿ ಕಟ್ಟಿದ ಅವನ ಮನೆಯಷ್ಟು ಸೊಟ್ಟಗಿದ್ದ ಮನೆ ಇಡೀ ಸಫೋಕ್ ಸೀಮೆಯಲ್ಲೇ ಇರಲಿಲ್ಲ. ಮಹಡಿಯಲ್ಲಿ ಆಲೂಗಡ್ಡೆ ಬಿದ್ದರೆ ತಾನಾಗಿ ಉರುಳಿಕೊಂಡು ಮೆಟ್ಟಿಲಿಗೆ ಬರುತ್ತಿತ್ತು.

ಮರದ ವಯಸ್ಸು ಲೆಕ್ಕ ಹಾಕುವ ಮಿಸ್ ಹೌಲೆಟ್ ಹಿಂದಿನ ತಿಂಗಳೇ ಒಳಗಿನಿಂದ ತೊಲೆ ಕೊರೆದು ಪೆನ್ಸಿಲಿನಷ್ಟು ಚೂರು ಒಯ್ದಿದ್ದರು. ಇವತ್ತು ಚಹಾದ ಹೊತ್ತಿಗೆ ಫಲಿತಾಂಶ. ಆಂಬ್ರೋಸನಿಗೆ ಬೆಳಗ್ಗೆಯಿಂದ ಕೈಕಾಲು ನಿಲ್ಲಲಿಲ್ಲ. ಇಂಥ ತೊಲೆ ಹೊರಗೋಡೆಯ ಗಾರೆಯ ಹಿಂದೆ ಅಡಗಿರಬೇಕೇ? ಉಳಿ, ಸುತ್ತಿಗೆ ಹಿಡಿದು ಏಣಿ ಹತ್ತಿದ.

“ಅಲ್ಲ ಕಣೋ, ಇಂಥ ಹಳೇ ಮನೇಲಿ ಸರ್ಕಾರದ ಅಪ್ಪಣೆ ಇಲ್ದೆ ಒಂದು ಮೊಳೆನೂ ಹೊಡೆಯೋ ಹಾಗಿಲ್ಲ,” ಎಂದಳು ಪಕ್ಕದ ಮನೆಯ ಹಿಲ್ಡಾ ಗ್ಯಾರಡ್, ಬೇಲಿಯಾಚೆ ತನ್ನ ಹಂದಿಗಳಿಗೆ ಮೇವು ಹಾಕುತ್ತ.

“ನಾನೆಲ್ಲಿ ಹೊಡೀತಿದೀನಿ? ಕೀಳ್ತಿದೀನಿ.”

“ಹಂಗಾದ್ರೆ ಎಡಗಡೆಯಿಂದ ಕೀಳು.”

ಎಡಗಡೆ ಏಟು ಬಿದ್ದದ್ದೇ ತಡ, ಬಂಡಿಯಷ್ಟು ಗಾರೆ ಕಳಚಿ, ಅತಿಥಿಗಳಿಗೆಂದು ಅಂಗಳದ ಮೇಜಿನ ಮೇಲಿಟ್ಟಿದ್ದ ಕೇಕಿನ ಮೇಲೆ ಕುಳಿತಿತು. ಹೆಂಡತಿ ವಿನ್ನಿ ಹೊರಗೆ ಬಂದಳು.

“ಕೇಕು ಹಾಳಾಗ್ಲಿ. ಈ ಗೋಡೆ ಮುಚ್ಚೋರು ಯಾರು ರೀ?”

“ಯಾಕೆ ಮುಚ್ಬೇಕು? ನೋಡೇ, ಎಷ್ಟು ಗತ್ತಾಗಿದೆ.”

ಗತ್ತು ಇತ್ತು, ಸುಳ್ಳಲ್ಲ. ಬೂದು ಬಣ್ಣದ ಆ ಮರದ ಮೇಲೆ ಯಾರೋ ಪುಣ್ಯಾತ್ಮ ಬಡಗಿಯ ಕೊಡಲಿ ಗುರುತುಗಳು ಇನ್ನೂ ಮಾಸಿರಲಿಲ್ಲ. ನೋಡಿದರೆ ಎಂಥವನಿಗೂ ಅಭಿಮಾನ ಬರಬೇಕು.

ನಾಲ್ಕು ಗಂಟೆಗೆ ಅರ್ಧ ಊರು ನೆರೆದಿತ್ತು. ಮಿಸ್ ಹೌಲೆಟ್ ಕಾಗದ ಬಿಚ್ಚಿದರು. “ಈ ಮರ ಕಡಿದದ್ದು ಸಾವಿರದ ನಾನೂರ ಅರವತ್ತೆರಡರ ಚಳಿಗಾಲದಲ್ಲಿ.” ಚಪ್ಪಾಳೆ ಬಿತ್ತು. ಆಂಬ್ರೋಸ್ ಆಗಲೇ ಫಲಕ ಎತ್ತಿಕೊಂಡು ಬಾಗಿಲಿಗೆ ಹಿಡಿದು ಅಳತೆ ನೋಡುತ್ತಿದ್ದ.

ಆಕೆ ತಲೆಯೆತ್ತಿ ಬಯಲಾದ ತೊಲೆಯನ್ನು ನೋಡಿದರು. “ಹೊರಗಿನ ಮೈ ನಾನು ನೋಡಿರ್ಲಿಲ್ಲ. ಈ ಗುಳಿಗಳು ಯಾಕೆ ಖಾಲಿ ಇವೆ?”

ಬೇರೆ ಮರಗಳ ತುದಿ ಕೂರಿಸಲು ಕೊರೆದ ಗುಳಿಗಳು, ಸಾಲಾಗಿ ಏಳು.

“ಗಾಳಿ ಆಡ್ಲಿ ಅಂತ,” ಎಂದ ಆಂಬ್ರೋಸ್.

“ಇಲ್ಲ ಕ್ಯಾಚ್‌ಪೋಲ್ ಅವರೇ. ಈ ತೊಲೆ ಮೊದಲು ಬೇರೆ ಯಾವುದೋ ಕಟ್ಟಡದಲ್ಲಿತ್ತು.”

“ನಮ್ಮ ಹಂದಿಗೂಡಲ್ಲೂ ಇಂಥದ್ದೇ ತೊಲೆ ಇದೆ. ಅದರ ಏಳು ಗುಳೀಲೂ ಮರ ಕೂತಿದೆ,” ಎಂದಳು ಹಿಲ್ಡಾ.

ಊರಿಗೆ ಊರೇ ಬೇಲಿ ದಾಟಿತು. ಮಿಸ್ ಹೌಲೆಟ್ ಟಾರ್ಚು ಹಿಡಿದು ಹಂದಿಗಳ ನಡುವೆ ಅರ್ಧ ಗಂಟೆ ಕಳೆದು, ಟೋಪಿಗೆಲ್ಲ ಕೆಸರು ಮಾಡಿಕೊಂಡು ಹೊರಗೆ ಬಂದರು. ಎರಡೂ ತೊಲೆಗಳು ಒಂದೇ ಓಕ್ ಮರದ ಎರಡು ಸೀಳುಗಳು. ಆ ಕಾಲದ ದೊಡ್ಡ ಮನೆಯೊಂದರಲ್ಲಿ ಉಳಿದಿರುವ ಭಾಗವೇ ಹಿಲ್ಡಾಳ ಹಂದಿಗೂಡು. ಬಿದ್ದುಹೋದ ಭಾಗದ ಮರ ತಂದು ನೂರೈವತ್ತು ವರ್ಷದ ನಂತರ ಕಟ್ಟಿದ್ದು ಕ್ಯಾಚ್‌ಪೋಲ್ ಮನೆ.

ಕತ್ತಲಾಗುವ ಮೊದಲೇ ಫಲಕ ಹಂದಿಗೂಡಿನ ಬಾಗಿಲೇರಿತು.

“ಗಾರೆ ಕೀಳದೇ ಇದ್ದಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ,” ಎಂದಳು ವಿನ್ನಿ. ಆಂಬ್ರೋಸ್ ಗೇಟಿನ ಹತ್ತಿರ ಮುಖ ಜೋಲು ಹಾಕಿಕೊಂಡು ನಿಂತ.

ಅಷ್ಟರಲ್ಲಿ ಸೈಕಲ್ಲಿನಲ್ಲಿ ಬಂದ ಗಂಡ ಹೆಂಡತಿ ಅಲ್ಲೇ ಇಳಿದರು. “ಈ ಊರಲ್ಲಿ ಎಲ್ಲಕ್ಕಿಂತ ಹಳೇ ಕಟ್ಟಡ ಯಾವ್ದು ಸಾರ್?”

ಆಂಬ್ರೋಸ್ ಬೇಲಿಯ ಕಡೆ ತಿರುಗಿದ. ಆಮೇಲೆ ಬೆನ್ನು ನೆಟ್ಟಗಾಯಿತು, ಎದೆ ಮುಂದೆ ಬಂತು.

“ಅದೋ, ಆ ಹಂದಿಗೂಡು,” ಎಂದ. “ನಮ್ದೂ ಅದೇ ಮನೆತನ.”